ಪರದೆಯ ಮೇಲೆ ಪಾತ್ರದಾಟ: ಖುಷಿಗೂ ಮನಸ್ಸಿನ ಆರೈಕೆಗೂ ಆನ್‌ಲೈನ್ ಮೇಜು ಹೂಡುವ ಸಮಗ್ರ ಮಾರ್ಗದರ್ಶಿ

ಭಾನುವಾರ ಸಂಜೆ ಐದಕ್ಕೆ ಹುಬ್ಬಳ್ಳಿ ವಿದ್ಯಾನಗರದ ನಮ್ಮ ಮನೆಯಲ್ಲಿ ಆಟ ಶುರುವಾಗುತ್ತದೆ. ಒಬ್ಬ ಗೆಳೆಯ ಗದಗದಲ್ಲಿ ಇರುತ್ತಾನೆ, ಒಬ್ಬ ಗೆಳತಿ ರಾಣೆಬೆನ್ನೂರಿನಲ್ಲಿ, ಇನ್ನಿಬ್ಬರು ಕೆಲಸಕ್ಕೆಂದು ಬೆಂಗಳೂರು ಸೇರಿದವರು. ಐವರೂ ಒಂದೇ ನಕ್ಷೆ ನೋಡುತ್ತೇವೆ, ಒಂದೇ ದಾಳ ಉರುಳಿಸುತ್ತೇವೆ. ತಿಂಗಳಲ್ಲಿ ಎರಡು ಶನಿವಾರ ಇದೇ ಮೇಜನ್ನು ಬೇರೆ ಗುಂಪಿಗೆ ಹೂಡುತ್ತೇನೆ. ಅದು ಧಾರವಾಡದ ಆಪ್ತಸಮಾಲೋಚಕಿ ಒಬ್ಬರು ನಡೆಸುವ ಹದಿಹರೆಯದವರ ಗುಂಪು. ಆರು ಮಕ್ಕಳು, ಅವರು, ನಾನು. ಎರಡೂ ಗುಂಪಿನಿಂದ ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಮೊದಲ ಬಾರಿ ಕೇಳುತ್ತಿರುವವರಿಗೆ ಒಂದು ಮಾತು. ಪಾತ್ರದಾಟ ಅಂದರೆ ಎಲ್ಲರೂ ಸೇರಿ ಕಟ್ಟುವ ಕಥೆ. ಒಬ್ಬರು ಸನ್ನಿವೇಶ ಹೇಳುತ್ತಾರೆ. ಉಳಿದವರು ತಲಾ ಒಂದು ಪಾತ್ರವಾಗಿ 'ನಾನು ಹೀಗೆ ಮಾಡುತ್ತೇನೆ' ಅನ್ನುತ್ತಾರೆ. ಆಗುತ್ತದೋ ಇಲ್ಲವೋ ಅನ್ನುವಂಥ ಕಡೆ ದಾಳ ಹೇಳುತ್ತದೆ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು ಹೊರತಂದಾಗಿನಿಂದ ಇದಕ್ಕೆ ಈಗಿನ ರೂಪ ಬಂತು. ನಮ್ಮ ಕಡೆ ದೊಡ್ಡಾಟ ನೋಡಿದವರಿಗೆ ಇದರ ಹದ ಬೇಗ ಸಿಗುತ್ತದೆ. ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ 'ತಾವು ಯಾರು, ಯಾವ ಊರು, ಬಂದ ಕಾರಣವೇನು' ಎಂದು ಕೇಳುತ್ತಾನಲ್ಲ, ಇಲ್ಲಿ ಆಟ ನಡೆಸುವವರೂ ಅದನ್ನೇ ಮಾಡುತ್ತಾರೆ. ಅದಕ್ಕೇ ಗೇಮ್ ಮಾಸ್ಟರ್ ಅನ್ನುವ ಕಡೆ ನಾನು ಸಾರಥಿ ಅಂತಲೇ ಬರೆಯುತ್ತೇನೆ. ನಕ್ಷೆಯ ಮೇಲೆ ಪಾತ್ರದ ಗುರುತಾಗಿ ಇಡುವ ಟೋಕನ್‌ಗೆ ಬಿಲ್ಲೆ. ನಮ್ಮ ಮಕ್ಕಳು ಹಾಗೇ ಕರೆಯುವುದು.

ವರ್ಚುವಲ್ ಟೇಬಲ್‌ಟಾಪ್ ಅನ್ನುವ ತಂತ್ರಾಂಶ ಈ ಮೇಜನ್ನು ಪರದೆಗೆ ತರುತ್ತದೆ. ನಕ್ಷೆ, ಬಿಲ್ಲೆ, ದಾಳ, ಬರೆದು ಮಾತಾಡುವ ಜಾಗ: ಮುಖ್ಯವಾಗಿ ಇಷ್ಟೇ.

ಹೆಜ್ಜೆ 1: ಯಾರಿಗಾಗಿ ಆಟ, ಮೊದಲು ಅದನ್ನು ತೀರ್ಮಾನಿಸಿ

ಗೆಳೆಯರ ಖುಷಿಗಾದರೆ ಯಾರು ಬೇಕಾದರೂ ಸಾರಥಿ ಆಗಬಹುದು. ಮನಸ್ಸಿನ ಆರೈಕೆಗೆ ಅಂತಾದರೆ ತರಬೇತಿ ಪಡೆದ ಆಪ್ತಸಮಾಲೋಚಕರು ಅಥವಾ ಮನಃಶಾಸ್ತ್ರಜ್ಞರು ಗುಂಪಿನಲ್ಲಿ ಇರಲೇಬೇಕು. ಯಾರನ್ನು ಸೇರಿಸಬೇಕು, ಯಾವ ಮಗುವಿಗೆ ಏನು ಗುರಿ, ಯಾವಾಗ ನಿಲ್ಲಿಸಬೇಕು, ಇವೆಲ್ಲ ಅವರ ತೀರ್ಮಾನ. ನಾನು ಮೇಜು ಹೂಡುತ್ತೇನೆ, ಕಥೆ ನಡೆಸುತ್ತೇನೆ, ಅಷ್ಟೇ. ಜನರ ಜೊತೆ ಬೆರೆಯಲು ಹಿಂಜರಿಯುವವರಿಗೆ, ಸರದಿ ಕಾಯುವುದು ಕಷ್ಟ ಅನ್ನುವವರಿಗೆ, 'ಬೇಡ' ಎಂದು ಹೇಳಲು ಬಾರದವರಿಗೆ ಪಾತ್ರದ ಮರೆಯಲ್ಲಿ ಅಭ್ಯಾಸ ಮಾಡಲು ಈ ಆಟ ಜಾಗ ಕೊಡುತ್ತದೆ. ಔಷಧಿ ನಿಲ್ಲಿಸಿ ಆಟ ಆಡಿಸುವುದು, ಮನಸ್ಸು ತೀರಾ ಕುಸಿದಿರುವ ಹೊತ್ತಿನಲ್ಲಿ ಗುಂಪಿಗೆ ಎಳೆದು ತರುವುದು, ಎರಡೂ ಬೇಡ. ಅಂಥ ಹೊತ್ತಿಗೆ ವೈದ್ಯರು ಬೇಕು. ಧಾರವಾಡದಲ್ಲೇ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲಿ ಮಾತಾಡಬಹುದು.

ಗುಂಪು ಚಿಕ್ಕದಿರಲಿ. ಗೆಳೆಯರಾದರೆ ಐದು, ಆರೈಕೆಯ ಗುಂಪಾದರೆ ಹೆಚ್ಚೆಂದರೆ ಆರು. ಏಳನೆಯವರು ಬಂದರೆ ಯಾರೋ ಒಬ್ಬರು ಪೂರ್ತಿ ಸುಮ್ಮನಾಗಿಬಿಡುತ್ತಾರೆ.

ಹೆಜ್ಜೆ 2: ತಂತ್ರಾಂಶ ಆರಿಸುವುದು

ಹೆಸರುಗಳು ಬಹಳ ಇವೆ. ಮೂರು ಗೊತ್ತಿದ್ದರೆ ಸಾಕು.

ಔಲ್‌ಬೇರ್ ರೋಡಿಯೋ ತುಂಬ ಹಗುರ. ಬ್ರೌಸರ್‌ನಲ್ಲೇ ತೆರೆಯುತ್ತದೆ. ಸಾರಥಿ ಖಾತೆ ಮಾಡಿಕೊಂಡರೆ ಸಾಕು, ಆಟಗಾರರು ಲಿಂಕ್ ಒತ್ತಿ ಒಳಗೆ ಬರಬಹುದು. ಫೋನಿನಲ್ಲೂ ನಡೆಯುತ್ತದೆ. ನಮ್ಮ ಶನಿವಾರದ ಗುಂಪಿನಲ್ಲಿ ನಾಲ್ಕು ಮಕ್ಕಳ ಹತ್ತಿರ ಲ್ಯಾಪ್‌ಟಾಪ್ ಇಲ್ಲ, ಹಾಗಾಗಿ ನಮಗೆ ಇದೇ ಸರಿಹೋಯಿತು. ಪಾತ್ರದ ವಿವರದ ಹಾಳೆ ಇದರಲ್ಲಿ ಇರುವುದಿಲ್ಲ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಮಕ್ಕಳಿಗೆ ಅದೇ ಇಷ್ಟ.

ರೋಲ್20 2012ರಿಂದ ಇದೆ. ಉಚಿತ ಖಾತೆಯಲ್ಲಿ ನಕ್ಷೆ, ದಾಳ, ಪಾತ್ರದ ಹಾಳೆ, ಚಾಟ್ ಎಲ್ಲ ಸಿಗುತ್ತದೆ. ಪಾತ್ರದ ಕಣ್ಣಿಗೆ ಎಷ್ಟು ಬೆಳಕು ಕಾಣಬೇಕೋ ಅಷ್ಟೇ ತೋರಿಸುವ ಡೈನಮಿಕ್ ಲೈಟಿಂಗ್‌ನಂಥ ಕೆಲವು ಸೌಲಭ್ಯಕ್ಕೆ ಹಣ ಕಟ್ಟಬೇಕಾಗಬಹುದು. ಲ್ಯಾಪ್‌ಟಾಪ್ ಇರುವ ಗೆಳೆಯರ ಗುಂಪಿಗೆ ಇದು ಒಳ್ಳೆಯ ಶುರು. ಫೋನಿನಲ್ಲಿ ಆಡುವುದು ಕಷ್ಟ.

ಫೌಂಡ್ರಿ 2020ರಲ್ಲಿ ಬಂದದ್ದು. ಸಾರಥಿ ಒಬ್ಬರೇ ಒಂದು ಸಲ ಹಣ ಕೊಟ್ಟು ಕೊಂಡರೆ ಆಯಿತು, ಆಟಗಾರರು ಏನೂ ಕೊಡಬೇಕಿಲ್ಲ. ನಕ್ಷೆ, ಟಿಪ್ಪಣಿ ಎಲ್ಲವೂ ನಿಮ್ಮದೇ ಕಂಪ್ಯೂಟರಿನಲ್ಲಿ ಇರುತ್ತವೆ. ಆರೈಕೆಯ ಗುಂಪಿಗೆ ಇದು ದೊಡ್ಡ ಅನುಕೂಲ. ಆದರೆ ಒಂದು ತೊಡಕು ಇದೆ. ಇದು ಸಾಮಾನ್ಯವಾಗಿ 30000ನೇ ಪೋರ್ಟ್, ಅಂದರೆ ಹೊರಗಿನ ಸಂಪರ್ಕ ಕಂಪ್ಯೂಟರಿಗೆ ಬರುವ ಆ ಸಂಖ್ಯೆಯ ಬಾಗಿಲಿನ ಮೂಲಕ ನಡೆಯುತ್ತದೆ. ಮನೆಯ ಇಂಟರ್‌ನೆಟ್‌ಗೆ ಸ್ವಂತ ಪಬ್ಲಿಕ್ ವಿಳಾಸ ಇಲ್ಲದಿದ್ದರೆ ಹೊರಗಿನವರು ಒಳಗೆ ಬರಲಾರರು. ನಮ್ಮಲ್ಲಿ ಬಹಳಷ್ಟು ಸಂಪರ್ಕಗಳು ಹಾಗೇ ಇವೆ. ಆಗ ಬಾಡಿಗೆ ಸರ್ವರ್ ಹಿಡಿಯಬೇಕು. ಮೊದಲ ವರ್ಷ ಇದರ ಗೋಜಿಗೆ ಹೋಗಬೇಡಿ ಅನ್ನುವುದು ನನ್ನ ಸಲಹೆ.

ಹೆಜ್ಜೆ 3: ಮಾತಿಗೆ ಬೇರೆ ದಾರಿ

ನಕ್ಷೆ ಒಂದು ಕಡೆ, ಮಾತು ಇನ್ನೊಂದು ಕಡೆ ಇಟ್ಟುಕೊಳ್ಳಿ. ಒಂದು ಕೈಕೊಟ್ಟರೆ ಇನ್ನೊಂದು ಉಳಿದಿರುತ್ತದೆ. ಗೆಳೆಯರ ಗುಂಪಿಗೆ ಡಿಸ್ಕಾರ್ಡ್ ಎಂಬ ಕರೆಯ ತಂತ್ರಾಂಶ ಸಾಕು. ಗೂಗಲ್ ಮೀಟ್‌ನ ಉಚಿತ ಖಾತೆಯಲ್ಲಿ ಮೂರು ಅಥವಾ ಹೆಚ್ಚು ಜನರಿದ್ದರೆ ಒಂದು ಗಂಟೆಗೆ ಕರೆ ಮುಗಿಯುತ್ತದೆ, ಝೂಮ್‌ನಲ್ಲಿ 40 ನಿಮಿಷಕ್ಕೆ. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಒಂದು ಮಗು ಕಷ್ಟಪಟ್ಟು ಬಾಯಿ ತೆರೆದ ಹೊತ್ತಿಗೇ ಕರೆ ಕಡಿದುಹೋದರೆ ಅದನ್ನು ಮತ್ತೆ ಜೋಡಿಸಲಾಗದು. ಮಿತಿ ಗೊತ್ತಿಟ್ಟುಕೊಂಡು ಮಧ್ಯೆ ನೀವೇ ಹತ್ತು ನಿಮಿಷದ ಬಿಡುವು ಇಡಿ.

ಕ್ಯಾಮೆರಾ ಕಡ್ಡಾಯ ಮಾಡಬೇಡಿ. ಡೇಟಾ ಉಳಿಯುತ್ತದೆ, ಮನೆಯೊಳಗಿನದು ಹೊರಗೆ ಕಾಣುವ ಸಂಕೋಚವೂ ಇರುವುದಿಲ್ಲ. ಹೆಡ್‌ಫೋನ್ ಮಾತ್ರ ಕಡ್ಡಾಯ. ಒಬ್ಬರ ಮನೆಯ ಟಿವಿ ಎಲ್ಲರ ಕಥೆಯೊಳಗೆ ನುಗ್ಗಬಾರದು, ಗುಂಪಿನ ಮಾತು ಪಕ್ಕದ ಕೋಣೆಗೆ ಕೇಳಲೂಬಾರದು.

ಕರೆಂಟ್ ಹೋಗುತ್ತದೆ ಎಂದುಕೊಂಡೇ ಶುರು ಮಾಡಿ. ಸಾರಥಿಯ ಫೋನಿನಲ್ಲಿ ಹಾಟ್‌ಸ್ಪಾಟ್‌ಗೆ ಡೇಟಾ ಇರಲಿ, ನಕ್ಷೆಯ ಒಂದು ಪ್ರತಿ ವಾಟ್ಸ್ಆಪ್‌ನಲ್ಲೂ ಇರಲಿ. ಕಳೆದ ಮಳೆಗಾಲದಲ್ಲಿ ಒಂದು ಶನಿವಾರ ಪೂರ್ತಿ ಆಟವನ್ನು ಆ ಒಂದು ಚಿತ್ರ ನೋಡಿಕೊಂಡು, ಬರೀ ಬಾಯಿಮಾತಿನಲ್ಲಿ ನಡೆಸಿದ್ದೇವೆ.

ಹೆಜ್ಜೆ 4: ದಾಳ ಮತ್ತು ನಿಯಮ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂಲ ನಿಯಮಗಳನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿದ್ದಾರೆ. ಉಚಿತವಾಗಿ ಓದಬಹುದು, ಕನ್ನಡಕ್ಕೂ ತಂದುಕೊಳ್ಳಬಹುದು, ಮೂಲದವರ ಹೆಸರು ಹೇಳಿದರಾಯಿತು. ಗೆಳೆಯರ ಗುಂಪಿಗೆ ಅದು ಸೊಗಸು. ಹೊಸಬರಿಗೆ ಮಾತ್ರ ಇಪ್ಪತ್ತು ಮುಖದ ದಾಳ, ಲೆಕ್ಕ, ಮಂತ್ರಗಳ ಪಟ್ಟಿ ಎಲ್ಲ ಜಾಸ್ತಿ ಆಗುತ್ತದೆ.

ಶನಿವಾರದ ಗುಂಪಿಗೆ ನಾವು ಪಗಡೆಯಷ್ಟೇ ಸರಳವಾದ ನಿಯಮ ಇಟ್ಟುಕೊಂಡಿದ್ದೇವೆ. ಎರಡು ಸಾದಾ ದಾಳ ಉರುಳಿಸುವುದು. ಪಾತ್ರಕ್ಕೆ ಆ ಕೆಲಸ ಬರುತ್ತದೆ ಅಂದರೆ ಒಂದು ಸೇರಿಸುವುದು. 10 ಅಥವಾ ಹೆಚ್ಚು ಬಂದರೆ ಅಂದುಕೊಂಡದ್ದು ಪೂರ್ತಿ ಆಯಿತು. 7ರಿಂದ 9 ಬಂದರೆ ಆಯಿತು, ಆದರೆ ಏನೋ ಒಂದು ಬೆಲೆ ತೆರಬೇಕು. 6 ಅಥವಾ ಕಡಿಮೆ ಬಂದರೆ ಕಥೆ ಬೇರೆ ಕಡೆ ಹೊರಳುತ್ತದೆ. ಎರಡು ದಾಳಕ್ಕೆ ಒಟ್ಟು 36 ಸಾಧ್ಯತೆ. ಒಂದು ಸೇರಿಸಿದಾಗ ಪೂರ್ತಿ ಗೆಲುವು 10, ಬೆಲೆ ತೆತ್ತ ಗೆಲುವು 16, ಹೊರಳುವುದು 10. ಆ ನಡುವಿನ 16 ಇದೆಯಲ್ಲ, ಅದಕ್ಕಾಗಿಯೇ ಈ ನಿಯಮ ನನಗೆ ಇಷ್ಟ. 'ಬಾಗಿಲು ತೆರೆಯಿತು, ಆದರೆ ಸದ್ದಾಯಿತು. ಈಗ ಏನು ಮಾಡುತ್ತೀರಿ?' ಪರೀಕ್ಷೆಯಲ್ಲಿ ಪಾಸು ಇಲ್ಲವೇ ಫೇಲು ಎಂದಷ್ಟೇ ಕೇಳಿ ಬೆಳೆದ ಮಕ್ಕಳು ಈ ಮೂರನೆಯ ಉತ್ತರಕ್ಕೆ ಒಗ್ಗಿಕೊಳ್ಳುವುದನ್ನು ನೋಡಬೇಕು.

ರೋಲ್20 ಮತ್ತು ಫೌಂಡ್ರಿಯ ಚಾಟ್‌ನಲ್ಲಿ ದಾಳ ಉರುಳಿಸುವುದು ಸುಲಭ. ಇಂಗ್ಲಿಷ್ ಕೀಲಿಮಣೆಯಲ್ಲಿ ಓರೆಗೆರೆ ಹಾಕಿ ಆರ್ ಅಕ್ಷರ ಒತ್ತಿ, ಜಾಗ ಬಿಟ್ಟು 2ಡಿ6+1 ಎಂದು ಬರೆಯಿರಿ. ಇಂಥ ಆಜ್ಞೆಗಳು ಕನ್ನಡ ಅಕ್ಷರದಲ್ಲಿ ನಡೆಯುವುದಿಲ್ಲ. ಹೆಸರು, ಟಿಪ್ಪಣಿ, ಮಾತು ಎಲ್ಲ ಕನ್ನಡದಲ್ಲೇ ಬರೆಯಬಹುದು.

ಹೆಜ್ಜೆ 5: ನಕ್ಷೆ, ನಮ್ಮೂರಿನದೇ

ಅಂತರ್ಜಾಲದಲ್ಲಿ ಸಾವಿರಾರು ನಕ್ಷೆ ಸಿಗುತ್ತವೆ. ಎಲ್ಲ ಕಡೆ ಹಿಮ, ಕೋಟೆ, ಹೆಂಡದಂಗಡಿ. ಮೊದಲ ಆರು ತಿಂಗಳು ನಾನೂ ಅವನ್ನೇ ಬಳಸಿದೆ. ಲಕ್ಕುಂಡಿಯ ಬಾವಿ ಬರೆದ ದಿನ ಆಟದ ದನಿಯೇ ಬದಲಾಯಿತು.

ಗದಗದಿಂದ ಹನ್ನೆರಡು ಕಿಲೋಮೀಟರ್ ದೂರದ ಲಕ್ಕುಂಡಿ ಗುಡಿ, ಬಾವಿಗಳ ಊರು. ಮಾಣಿಕೇಶ್ವರ ಗುಡಿಯ ಮುಂದೆ ಮುಸುಕಿನ ಬಾವಿ ಇದೆ. ಮೆಟ್ಟಿಲು ಇಳಿದಷ್ಟೂ ಗೋಡೆಯಲ್ಲಿ ಸಣ್ಣ ಸಣ್ಣ ಗೂಡು. ಅದೇ ಊರಲ್ಲಿ ಅತ್ತಿಮಬ್ಬೆ 1007ರಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದಳು. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದವಳೂ ಅವಳೇ. ನಮ್ಮ ಕಥೆ ಅಲ್ಲಿಂದ ಹುಟ್ಟಿತು: ಆ ಸಾವಿರದಲ್ಲಿ ಒಂದು ಪ್ರತಿ ಬಾವಿಯ ಗೂಡಿನಲ್ಲಿ ಉಳಿದಿದ್ದರೆ? ಇವತ್ತಿನ ಆರು ಮಕ್ಕಳು ಅದನ್ನು ಹುಡುಕಲು ಇಳಿದರೆ? ಓಲೆಗರಿ ಸಿಕ್ಕಿದ್ದು ನಮ್ಮ ಕಲ್ಪನೆ ಎಂದು ಮಕ್ಕಳಿಗೆ ಮೊದಲೇ ಹೇಳಿದೆ. ಅತ್ತಿಮಬ್ಬೆ ನಿಜ, ಬಾವಿ ನಿಜ.

ನಕ್ಷೆ ಮಾಡುವ ಬಗೆ ಹೀಗೆ. ಗಣಿತದ ಚೌಕುಳಿ ನೋಟ್‌ಬುಕ್ ತೆಗೆದುಕೊಳ್ಳಿ. ಅಡ್ಡ 24 ಚೌಕ, ಉದ್ದ 18 ಚೌಕ ಗುರುತು ಮಾಡಿ. ಒಂದು ಚೌಕ ಅಂದರೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ, ಸುಮಾರು ಐದು ಅಡಿ. ಪೆನ್ಸಿಲ್‌ನಲ್ಲಿ ಬರೆದು, ಗೋಡೆಗಳನ್ನು ಸ್ಕೆಚ್ ಪೆನ್‌ನಿಂದ ದಪ್ಪ ಮಾಡಿ. ಬೆಳಿಗ್ಗೆಯ ಬೆಳಕಿನಲ್ಲಿ, ಹಾಳೆಯ ನೇರ ಮೇಲಿಂದ, ನಿಮ್ಮ ನೆರಳು ಬೀಳದಂತೆ ಫೋನಿನಲ್ಲಿ ಫೋಟೋ ತೆಗೆಯಿರಿ. ಅಂಚು ಸರಿಯಾಗಿ ಕತ್ತರಿಸಿ. ರೋಲ್20ಯಲ್ಲಿ ಒಂದು ಚೌಕಕ್ಕೆ 70 ಪಿಕ್ಸೆಲ್, ಹಾಗಾಗಿ ಚಿತ್ರವನ್ನು 1680ಕ್ಕೆ 1260 ಅಳತೆಗೆ ಇಳಿಸಿ. ಆಗ ಚೌಕ ಚೌಕದ ಮೇಲೆ ಸರಿಯಾಗಿ ಕೂರುತ್ತದೆ. ಕಡತ ಒಂದು ಎಂಬಿಯ ಒಳಗಿರಲಿ. ಹಳ್ಳಿಯಲ್ಲಿ ಎರಡು ಕಡ್ಡಿ ಸಿಗ್ನಲ್ ಇರುವ ಹುಡುಗಿಗೂ ನಕ್ಷೆ ತೆರೆಯಬೇಕಲ್ವಾ?

ಬಾವಿಯಂಥ ಆಳದ ಜಾಗಕ್ಕೆ ಒಂದೇ ನಕ್ಷೆ ಸಾಲದು. ಮೇಲಿನ ಕಟ್ಟೆ, ನಡುವಿನ ಮೆಟ್ಟಿಲು, ನೀರಿನ ಅಂಚು ಎಂದು ಮೂರು ದೃಶ್ಯ ಮಾಡಿದೆವು. ತಂತ್ರಾಂಶದಲ್ಲಿ ಚಿತ್ರವನ್ನು ನಕ್ಷೆಯ ಪದರದಲ್ಲಿ ಹಾಕಿ, ಅದು ಅಲುಗದಂತೆ ಬೀಗ ಹಾಕಿ. ಬಿಲ್ಲೆಗಳು ಮೇಲಿನ ಪದರದಲ್ಲಿ. ಇನ್ನೂ ಕಾಣಬಾರದ ಜಾಗಕ್ಕೆ ಮಂಜು ಹೊದಿಸಿ. ಈ ಸೌಲಭ್ಯದ ಹೆಸರೇ ಫಾಗ್. ಆಟಗಾರರು ಇಳಿದಂತೆ ಸಾರಥಿ ಒಂದೊಂದೇ ಮೆಟ್ಟಿಲು ತೆರೆಯುತ್ತಾ ಹೋಗುವುದು.

ಬಿಲ್ಲೆಗೆ ಯಾರ ಫೋಟೋನೂ ಹಾಕಬೇಡಿ. ಮಕ್ಕಳೇ ಬಿಡಿಸಲಿ. ನಮ್ಮಲ್ಲಿ ಒಬ್ಬಳು ಬಂಕಾಪುರದ ನವಿಲು ಬರೆದಳು, ಒಬ್ಬ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು. ಒಬ್ಬ ಬರೀ ಕಪ್ಪು ವೃತ್ತ ಬರೆದ. ಅದನ್ನೂ ಹಾಗೇ ಹಾಕಿದೆವು.

ಹೆಜ್ಜೆ 6: ಆಟವಿಲ್ಲದ ಮೊದಲ ದಿನ

ಮೊದಲ ಭೇಟಿಯಲ್ಲಿ ಕಥೆ ಶುರು ಮಾಡಬೇಡಿ. ಆ ದಿನ ಮಾತುಕತೆಗೆ ಮಾತ್ರ. ಗೆಳೆಯರ ಗುಂಪಿಗೂ ಇದು ಬೇಕು, ಬಿಡಬೇಡಿ.

ಕಥೆಯಲ್ಲಿ ಏನು ಬರಲೇಬಾರದು ಎಂದು ಎಲ್ಲರನ್ನೂ ಕೇಳಿ. ಅದು ಗೆರೆ. ಬರಬಹುದು, ಆದರೆ ವಿವರ ಬೇಡ, ದೂರದಿಂದ ಹೇಳಿ ದಾಟಿಬಿಡಿ ಅನ್ನುವಂಥದ್ದು ಮುಸುಕು. ಪಾತ್ರದಾಟಗಳನ್ನು ರೂಪಿಸುವ ರಾನ್ ಎಡ್ವರ್ಡ್ಸ್ ಈ ಎರಡರ ಕ್ರಮ ಹಾಕಿಕೊಟ್ಟರು. ಎಲ್ಲರ ಮುಂದೆ ಹೇಳಲು ಆಗದವರು ಸಾರಥಿಗೆ ಗುಟ್ಟಾಗಿ ಬರೆಯಲಿ. ಕಾರಣ ಕೇಳಬೇಡಿ. 'ನೀರಿನಲ್ಲಿ ಮುಳುಗುವುದು ಬೇಡ' ಎಂದು ಒಂದು ಮಗು ಬರೆದಿತ್ತು. ಬಾವಿಯ ಕಥೆಯಲ್ಲಿ ನೀರನ್ನು ಮೊಣಕಾಲಿನವರೆಗೆ ಇಳಿಸಿದೆವು, ಅಷ್ಟೇ. ಯಾರು ಬರೆದದ್ದು ಎಂದು ಯಾರಿಗೂ ತಿಳಿಯಲಿಲ್ಲ.

ಆಟದ ಮಧ್ಯೆ ನಿಲ್ಲಿಸಲು ಜಾನ್ ಸ್ಟಾವ್ರೊಪೌಲೋಸ್ ರೂಪಿಸಿದ ಎಕ್ಸ್ ಕಾರ್ಡ್ ಇದೆ. ಮೇಜಿನ ಮೇಲೆ ಒಂದು ಕಾರ್ಡ್, ಅದನ್ನು ಮುಟ್ಟಿದರೆ ಆ ವಿಷಯ ಅಲ್ಲಿಗೇ ಬಿಟ್ಟು ಮುಂದೆ ಹೋಗುವುದು. ಪರದೆಯಲ್ಲಿ ನಾವು ಅದನ್ನು ಹೀಗೆ ಮಾಡಿದ್ದೇವೆ. ಪ್ರತಿ ನಕ್ಷೆಯ ಮೂಲೆಯಲ್ಲಿ ಒಂದು ಕೆಂಪು ಬಿಲ್ಲೆ. ಅದನ್ನು ಯಾರು ಬೇಕಾದರೂ ಸರಿಸಬಹುದು, ಸರಿದ ಕೂಡಲೇ ನಿಲ್ಲುತ್ತೇವೆ. ಗುಟ್ಟಾಗಿ ಬೇಕು ಅನ್ನುವವರು ಸಾರಥಿಗೆ ಮಾತ್ರ ಕಾಣುವ ಹಾಗೆ 'ಕೆಂಪು' ಎಂದು ಬರೆದರೆ ಸಾಕು. ರೋಲ್20ಯಲ್ಲಿ ಓರೆಗೆರೆ, ಡಬ್ಲ್ಯೂ, ಜಾಗ, ಜಿಎಂ ಎಂದು ಬರೆದು ಮಾತು ಸೇರಿಸಿದರೆ ಅದು ಸಾರಥಿಗೆ ಮಾತ್ರ ಹೋಗುತ್ತದೆ. ಔಲ್‌ಬೇರ್ ಬಳಸಿದರೆ ಕರೆಯ ತಂತ್ರಾಂಶದಲ್ಲೋ ವಾಟ್ಸ್ಆಪ್‌ನಲ್ಲೋ ಬರೆಯಲಿ. ಮೊದಲ ದಿನವೇ ಪ್ರತಿಯೊಬ್ಬರೂ ಒಮ್ಮೆ ಕೆಂಪು ಬಿಲ್ಲೆ ಸರಿಸಿ ನೋಡಲಿ. ಕೈಗೆ ರೂಢಿ ಇದ್ದರೆ ಬೇಕಾದಾಗ ಕೈ ಹೋಗುತ್ತದೆ.

ಆರೈಕೆಯ ಗುಂಪಿಗೆ ಇನ್ನೂ ಕೆಲವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆ 18 ತುಂಬದವರೆಲ್ಲರನ್ನೂ ಮಕ್ಕಳೆಂದು ಕಾಣುತ್ತದೆ. ಪೋಷಕರ ಲಿಖಿತ ಒಪ್ಪಿಗೆ ಪಡೆಯಿರಿ. ತಂತ್ರಾಂಶದಲ್ಲಿ ಪಾತ್ರದ ಹೆಸರು ಮಾತ್ರ ಇರಲಿ, ನಿಜ ಹೆಸರು ಬೇಡ. ರೆಕಾರ್ಡ್ ಮಾಡಬೇಡಿ. ಪ್ರತಿ ಸಲ ಶುರುವಿಗೆ ಮುಂಚೆ ಮಗು ಯಾವ ಊರಿನಲ್ಲಿ, ಯಾರ ಮನೆಯಲ್ಲಿ ಕೂತಿದೆ, ಪಕ್ಕದಲ್ಲಿ ಇರುವ ದೊಡ್ಡವರ ನಂಬರ್ ಯಾವುದು ಎಂದು ಆಪ್ತಸಮಾಲೋಚಕರು ಬರೆದುಕೊಳ್ಳಬೇಕು. ಪರದೆಯ ಆಚೆ ಏನಾದರೂ ಆದರೆ ಓಡಿಹೋಗಲು ನಮಗೆ ಆಗುವುದಿಲ್ಲ. ಸಾಯುವ ಮಾತು, ತನಗೇ ನೋವು ಮಾಡಿಕೊಳ್ಳುವ ಮಾತು ಬಂದರೆ ಅದು ಪಾತ್ರದ ಮಾತೋ ಮಗುವಿನ ಮಾತೋ ಎಂದು ಸಾರಥಿ ಊಹಿಸುತ್ತ ಕೂರಬಾರದು. ಆಟ ನಿಲ್ಲಿಸಿ ಆಪ್ತಸಮಾಲೋಚಕರಿಗೆ ಬಿಟ್ಟುಕೊಡಿ.

ಹೆಜ್ಜೆ 7: ಆಟದ ದಿನ

ಒಟ್ಟು ತೊಂಬತ್ತು ನಿಮಿಷ. ಹದಿನೈದು ನಿಮಿಷ ಕುಶಲ ವಿಚಾರಿಸುವುದು, ಒಂದು ಗಂಟೆ ಆಟ, ಹದಿನೈದು ನಿಮಿಷ ಕಥೆಯಿಂದ ಇಳಿಯುವುದು. ಗೆಳೆಯರ ಗುಂಪು ಮೂರು ಗಂಟೆ ಆಡಿದರೂ ನಡೆಯುತ್ತದೆ.

ಸನ್ನಿವೇಶ ಹೇಳುವಾಗ ಮೂರು ನಾಲ್ಕು ವಾಕ್ಯ ಸಾಕು. ಕಣ್ಣಿಗೆ ಒಂದು, ಕಿವಿಗೆ ಒಂದು, ಮೂಗಿಗೋ ಚರ್ಮಕ್ಕೋ ಒಂದು. 'ಮೆಟ್ಟಿಲು ತಣ್ಣಗಿದೆ. ಪಾಚಿ ವಾಸನೆ. ಕೆಳಗೆಲ್ಲೋ ನೀರು ತೊಟ್ಟಿಕ್ಕುತ್ತಿದೆ.' ಆಮೇಲೆ ಕೇಳಿ: 'ಏನು ಮಾಡ್ತೀರಿ?' ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕಾಯಿರಿ. ಈ ಕಾಯುವುದೇ ಕಷ್ಟದ ಕೆಲಸ.

ಆ ಕಪ್ಪು ವೃತ್ತದ ಹುಡುಗ ಮೂರು ಶನಿವಾರ ಒಂದು ಮಾತೂ ಆಡಿರಲಿಲ್ಲ. ನಾಲ್ಕನೇ ಸಲ ಬಾವಿಯ ನಡುವಿನ ಮೆಟ್ಟಿಲಲ್ಲಿ ನವಿಲಿನ ಹುಡುಗಿ ಸಿಕ್ಕಿಕೊಂಡಳು. ದಾಳ 5 ಬಿತ್ತು, ಅವಳ ದೀಪ ಆರಿತು. ನಾನು ಅವಳ ಸುತ್ತ ಮಂಜು ಹೊದಿಸಿದೆ. 'ಯಾರರ ಬರ್ರಿ' ಎಂದು ಅವಳು ಕೂಗಿದಳು. ಯಾರೂ ಮಾತಾಡಲಿಲ್ಲ. ನಾನು ಇನ್ನೇನು ಕಥೆ ಮುಂದೂಡಬೇಕು, ಅಷ್ಟರಲ್ಲಿ ಆಪ್ತಸಮಾಲೋಚಕಿ ನನಗೆ ಮಾತ್ರ ಕಾಣುವಂತೆ ಬರೆದರು: 'ಸುಮ್ನಿರಿ.' ಪರದೆಯಲ್ಲಿ ಕಪ್ಪು ವೃತ್ತ ಅಲುಗಿತು. ಒಂದು ಚೌಕ. ನಿಂತಿತು. ಇನ್ನೊಂದು ಚೌಕ. ಏಳು ಚೌಕ ದಾಟಿ ನವಿಲಿನ ಪಕ್ಕಕ್ಕೆ ಬಂದು ನಿಂತಿತು. ಚಾಟ್‌ನಲ್ಲಿ ಒಂದು ಸಾಲು ಬಂತು: 'ನನ್ನ ಹತ್ರ ದೀಪ ಐತಿ.' ನಾನು ಮಂಜು ತೆಗೆದೆ.

ಮೈದಾನದಲ್ಲೋ ಕೋಣೆಯಲ್ಲೋ ಕೂತಿದ್ದರೆ ಅವನು ಎದ್ದು ಬರುತ್ತಿದ್ದನೋ ಇಲ್ಲವೋ. ಇಲ್ಲಿ ಬಾಯಿಗಿಂತ ಮೊದಲು ಕೈ ಮಾತಾಡಬಹುದು. ಈ ತಂತ್ರಾಂಶದಲ್ಲಿ ನಾನು ಕಂಡ ದೊಡ್ಡ ಗುಣ ಇದು. ಅದಕ್ಕಾಗಿ ಒಂದು ನಿಯಮ ಇಟ್ಟುಕೊಳ್ಳಿ: ಪ್ರತಿಯೊಬ್ಬರ ಬಿಲ್ಲೆ ಅವರ ಕೈಯಲ್ಲೇ ಇರಬೇಕು. ಆಟ ಬೇಗ ಸಾಗಲಿ ಎಂದು ಸಾರಥಿ ಬೇರೆಯವರ ಬಿಲ್ಲೆ ಸರಿಸಬಾರದು. ಮಾತು, ಬರಹ, ಬಿಲ್ಲೆಯ ನಡೆ ಮೂರಕ್ಕೂ ಒಂದೇ ಬೆಲೆ.

ಮಾತು ಜಾಸ್ತಿ ಆಡುವವರಿದ್ದರೆ ಸರದಿ ಪಟ್ಟಿ ತೆರೆಯಿರಿ. ರೋಲ್20ಯಲ್ಲಿ ಟರ್ನ್ ಟ್ರ್ಯಾಕರ್ ಎಂದಿದೆ, ಕಾಳಗಕ್ಕೆಂದು ಮಾಡಿದ್ದು. ನಾವು ಅದನ್ನು ಮಾತುಕತೆಗೂ ಬಳಸುತ್ತೇವೆ. ತನ್ನ ಹೆಸರು ಯಾವಾಗ ಬರುತ್ತದೆ ಎಂದು ಕಣ್ಣಿಗೆ ಕಂಡರೆ ಕಾಯುವುದು ಹಗುರ.

ಕತ್ತಲೆ, ಸದ್ದು ಇವನ್ನು ಹದವಾಗಿ ಬಳಸಿ. ಒಮ್ಮೆ ನಾನು ನಕ್ಷೆಯನ್ನು ಪೂರ್ತಿ ಕಪ್ಪು ಮಾಡಿ ಗುಡುಗಿನ ಸದ್ದು ಹಾಕಿದೆ. ಗೆಳೆಯರ ಗುಂಪಿನಲ್ಲಿ ಎಲ್ಲರೂ ಹುರುಪಾಗಿದ್ದರು. ಅದನ್ನೇ ಶನಿವಾರ ಮಾಡಿದಾಗ ಒಬ್ಬಳು ಕರೆ ಬಿಟ್ಟು ಹೋದಳು. ಅವತ್ತಿನಿಂದ ಮಕ್ಕಳ ನಕ್ಷೆಯಲ್ಲಿ ಒಂದು ಮೂಲೆಯಾದರೂ ಯಾವಾಗಲೂ ಬೆಳಕಾಗಿರುತ್ತದೆ, ಸದ್ದು ಹಾಕುವ ಮುಂಚೆ ಹೇಳುತ್ತೇನೆ.

ಹೆಜ್ಜೆ 8: ಇಳಿಯುವುದು

ಕೊನೆಯ ಹದಿನೈದು ನಿಮಿಷ ಕಥೆಗೆ ಕೊಡಬೇಡಿ, ಎಷ್ಟೇ ರೋಚಕ ಜಾಗದಲ್ಲಿ ಇದ್ದರೂ. ನಮ್ಮಲ್ಲಿ ಇದಕ್ಕೆ ಒಂದು ಬೇರೆ ದೃಶ್ಯ ಇದೆ. ಬೇವಿನ ಮರ, ಸುತ್ತ ಕಲ್ಲಿನ ಕಟ್ಟೆ. ಎಲ್ಲರೂ ತಂತಮ್ಮ ಬಿಲ್ಲೆಯನ್ನು ಅಲ್ಲಿಗೆ ತಂದು ಕೂರಿಸುತ್ತಾರೆ. ಕರೆಯಲ್ಲಿ ಪಾತ್ರದ ಹೆಸರು ಅಳಿಸಿ ತಮ್ಮ ಕರೆಯುವ ಹೆಸರು ಹಾಕಿಕೊಳ್ಳುತ್ತಾರೆ. ಇವತ್ತು ಯಾರ ಯಾವ ನಡೆ ಇಷ್ಟವಾಯಿತು, ಮುಂದಿನ ಸಲ ಏನು ನೋಡಲು ಆಸೆ ಎಂದು ಒಂದೊಂದು ಮಾತು. ಮನಸ್ಸು ಭಾರ ಆದವರ ಜೊತೆ ಆಪ್ತಸಮಾಲೋಚಕಿ ಬೇರೆಯಾಗಿ ಐದು ನಿಮಿಷ ಉಳಿಯುತ್ತಾರೆ. ನಾನು ಆಗ ಹೊರಗೆ ಹೋಗುತ್ತೇನೆ.

ಆಮೇಲೆ ಅವರೂ ನಾನೂ ಹತ್ತು ನಿಮಿಷ ಕೂತು ನೋಡುತ್ತೇವೆ. ಅವರ ಟಿಪ್ಪಣಿ ಅವರ ಹತ್ತಿರ, ಅದು ತಂತ್ರಾಂಶಕ್ಕೆ ಹೋಗುವುದಿಲ್ಲ. ನಾನು ಬರೆದಿಡುವುದು ಕಥೆ ಎಲ್ಲಿ ನಿಂತಿತು, ಯಾರ ಬಿಲ್ಲೆ ಯಾವ ಮೆಟ್ಟಿಲಲ್ಲಿತ್ತು, ಯಾರ ಕೈಯಲ್ಲಿ ದೀಪ ಇತ್ತು ಎಂದು ಮಾತ್ರ. ಚಾಟ್ ಅಳಿಸುತ್ತೇನೆ. ನಕ್ಷೆಯ ಪ್ರತಿ ಒಂದನ್ನು ಪೆನ್‌ಡ್ರೈವ್‌ಗೆ ಹಾಕುತ್ತೇನೆ. ಮುಂದಿನ ಗುರುವಾರ ಎಲ್ಲರಿಗೂ ಒಂದು ಸಾಲು ಕಳಿಸುತ್ತೇನೆ. ಹೋದ ವಾರ ಕಳಿಸಿದ್ದು: 'ಗೂಡಿನಲ್ಲಿ ಏನೋ ಕೈಗೆ ತಾಗಿದೆ. ಶನಿವಾರ ನಾಲ್ಕಕ್ಕೆ.' ಮೊದಲ ಉತ್ತರ ಕಪ್ಪು ವೃತ್ತದ್ದು: 'ಬರ್ತೀನ್ರಿ.'